ಧಕ್ಕೆಯ ಕೇಳುಗಿತ್ತಿ

ನಮ್ಮೂರಿನಲ್ಲಿ ಬೆಳಗ್ಗೆ ಎದ್ದವರು ಮೊದಲು ಬಾಯಿ ತೆರೆಯುವುದಿಲ್ಲ, ಸುಂಕದ ಕಟ್ಟೆಯ ಹಲಗೆ ನೋಡಿ ಬರುತ್ತಾರೆ. ಹೊರದೇಶದ ಹಡಗುಗಳ ಜೊತೆ ಬರುವ ಒಂದು ನೋಟಿಗೆ, ಅಂದರೆ ಹಡಗಿನ ನೋಟಿಗೆ, ನಮ್ಮ ಎಷ್ಟು ವರಹ ಎಂದು ಅಲ್ಲಿ ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಮೂವತ್ತಿದ್ದಾಗ ನಮ್ಮ ಬೀದಿಯ ಹೆಂಗಸರು ಮನೆಯೊಳಗಿಂದಲೇ ಎದುರು ಮನೆಯವರೊಡನೆ ಜಗಳವಾಡುತ್ತಿದ್ದರು. ಐವತ್ತಾದಾಗ ಜಗಲಿಗೆ ಬಂದು ಆಡತೊಡಗಿದರು. ಎಂಬತ್ತು ದಾಟಿದ ಮೇಲೆ ಜಗಳಕ್ಕೆಂದು ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಹೋಗಿ, ಪಕ್ಕದಲ್ಲಿ ಕೂತು, ಕಿವಿಯಲ್ಲಿ ಬೈಯಬೇಕಾಯಿತು. ಅಷ್ಟು ಹತ್ತಿರ ಬಂದು ಕೂತವರಿಗೆ ಕಾಫಿ ಕೊಡದೆ ಇರಲಾಗುವುದಿಲ್ಲ. ಕಾಫಿಪುಡಿಯೂ ಹಡಗಿನಲ್ಲೇ ಬರುವುದರಿಂದ ಕ್ರಮೇಣ ಜಗಳಗಳೇ ದುಬಾರಿಯಾಗಿ ನಿಂತುಹೋದವು.

ವರಹದಲ್ಲಿ ಸಂಬಳ ಎಣಿಸುವವರ ಧ್ವನಿ ವರಹದ ಜೊತೆಗೇ ಇಳಿಯುತ್ತದೆ. ಹಡಗಿನ ನೋಟಿನಲ್ಲಿ ಎಣಿಸುವವರದು ಇದ್ದಲ್ಲೇ ಇರುತ್ತದೆ. ಇದರಲ್ಲಿ ಆಶ್ಚರ್ಯಪಡುವಂಥದ್ದು ನಮ್ಮವರಿಗೆ ಏನೂ ಕಂಡಿಲ್ಲ, ಹೊಂದಿಕೊಂಡಿದ್ದಾರೆ. ಬಸ್ಸಿನ ಕಂಡಕ್ಟರು ಡ್ರೈವರನ ಬಲಗೈಗೆ ಒಂದು ಹಗ್ಗ ಕಟ್ಟಿ, ಹಿಂದಿನ ಬಾಗಿಲಿನಿಂದ ಎಳೆಯುತ್ತಾನೆ. ಸೊಪ್ಪು ಮಾರುವವಳು ಮನೆಮನೆಯ ಕಿಟಕಿಗೆ ಬಂದು ಒಂದು ಕಟ್ಟು ಕೊತ್ತಂಬರಿಯನ್ನು ಒಳಗೆ ಚಾಚುತ್ತಾಳೆ. ವಾಸನೆ ಬಂದವರು ಎದ್ದು ಬರುತ್ತಾರೆ. ಮದುವೆಯಲ್ಲಿ ಮಂತ್ರ ಯಾರಿಗೂ ಕೇಳಿಸುವುದಿಲ್ಲ, ಪುರೋಹಿತರು ಕೈ ಎತ್ತಿದಾಗ ಅಕ್ಷತೆ ಹಾಕುತ್ತಾರೆ. ವರಹದ ವಿಷಯದಲ್ಲಿ ಆತಂಕಪಡುವ ಕಾರಣವೇ ಇಲ್ಲ, ನಾನೂ ನಿಮ್ಮ ಹಾಗೆ ವರಹದಲ್ಲೇ ಸಂಬಳ ತೆಗೆದುಕೊಳ್ಳುವವನು ಎಂದು ಅರ್ಥಮಂತ್ರಿಗಳು ಒಂದು ಸಂಜೆ ರೇಡಿಯೋದಲ್ಲಿ ಹೇಳಿದರು. ಅವರು ಹೇಳಿದ್ದು ಪ್ರತಿ ಮನೆಯಲ್ಲೂ ಒಂದಕ್ಷರ ಬಿಡದೆ ಸ್ಪಷ್ಟವಾಗಿ ಕೇಳಿಸಿತು. ಜನರಿಗೆ ಅನುಮಾನ ಬಂದದ್ದೇ ಆಗ.

ನನಗಂತೂ ಈ ಬದಲಾವಣೆಯಿಂದ ಮೊದಮೊದಲು ಸುಖವೇ ಆಯಿತು, ಸುಳ್ಳು ಏಕೆ ಹೇಳಲಿ. ಹುಟ್ಟಿದಾಗಿನಿಂದ ನನ್ನದು ಸಣ್ಣ ಧ್ವನಿ. ಬಾಯೊಳಗೆ ಬೆಲ್ಲ ಇಟ್ಟುಕೊಂಡಿದ್ದೀಯಾ ಎಂದು ಮೇಷ್ಟ್ರು ಕೇಳುತ್ತಿದ್ದರು. ಬಿ.ಎ. ಮುಗಿಸುವವರೆಗೂ ತರಗತಿಯಲ್ಲಿ ಹಾಜರಿ ಕೂಗಿದಾಗ ನಾನು ಇದ್ದೂ ಇಲ್ಲದವಳೇ. ಮಾತನಾಡಲಾಗದವರು ಕೇಳಿಸಿಕೊಳ್ಳುತ್ತಾರೆ. ಯಾರು ಯಾರಿಗೆ ಏನೆಂದರು ಎಂದು ಕೇಳಿಸಿಕೊಂಡು, ಸಂಜೆ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಈಗ ನೋಡಿದರೆ ಊರಿಗೆ ಊರೇ ನನ್ನ ಮಟ್ಟಕ್ಕೆ ಇಳಿದಿತ್ತು. ವಾರಿಜಾ ಎಷ್ಟು ಗಟ್ಟಿಯಾಗಿ ಮಾತಾಡ್ತಾಳೆ ಎಂದು ಯಾರೋ ಹೇಳಿದ ದಿನ ನಾನು ಖುಷಿಯಿಂದ ಎರಡು ಪುಟ ಬರೆದಿದ್ದೆ. ಆ ಪುಟಗಳನ್ನು ಹರಿದದ್ದು ಅಪ್ಪನ ಕೈಕೆಳಗಿನ ಹಮಾಲ ಬೊಮ್ಮಯ್ಯನ ಕಾಲು ಜಜ್ಜಿಹೋದ ದಿನ.

ನನ್ನ ಅಪ್ಪ ಜಟ್ಟಣ್ಣ ಹಡಗು ನಿಲ್ಲುವ ಧಕ್ಕೆಯಲ್ಲಿ ಹಮಾಲರ ಮೇಸ್ತ್ರಿ. ಹಡಗಿನಿಂದ ಇಳಿಸುವ ಕಬ್ಬಿಣದ ಪೆಟ್ಟಿಗೆಗಳನ್ನು ಎಂಟೆಂಟು ಜನ ಅಡ್ಡೆ ಕಟ್ಟಿ ಹೊರುತ್ತಾರೆ. ಅಪ್ಪ ಪಕ್ಕದಲ್ಲಿ ನಡೆಯುತ್ತ ‘ಎತ್ತು’ ಎಂದರೆ ಎತ್ತಬೇಕು, ‘ಬಿಡು’ ಎಂದರೆ ಎಂಟೂ ಜನ ಒಂದೇ ಉಸಿರಿಗೆ ಬಿಡಬೇಕು. ಹೊತ್ತವರ ತಲೆ ಬಗ್ಗಿರುತ್ತದೆ, ಅವರಿಗೆ ಕಾಣುವುದು ನೆಲ ಮಾತ್ರ. ಆದ್ದರಿಂದ ಕೈಸನ್ನೆ ನಡೆಯುವುದಿಲ್ಲ, ಕೂಗೇ ಬೇಕು. ಮೂವತ್ತು ವರ್ಷ ಅಪ್ಪನ ಕೂಗು ದೀಪಸ್ತಂಭದವರೆಗೆ ಹೋಗುತ್ತಿತ್ತಂತೆ. ಆ ದಿನ ಹಲಗೆಯಲ್ಲಿ ತೊಂಬತ್ತೆರಡು ಇತ್ತು. ‘ಬಿಡು’ ಎಂದದ್ದು ಆರು ಜನಕ್ಕೆ ಕೇಳಿಸಿತು, ಹಿಂದಿನ ಇಬ್ಬರಿಗೆ ಕೇಳಿಸಲಿಲ್ಲ. ಪೆಟ್ಟಿಗೆ ವಾಲಿ ಬೊಮ್ಮಯ್ಯನ ಪಾದದ ಮೇಲೆ ಕೂತಿತು. ಬೊಮ್ಮಯ್ಯ ಕಿರುಚಿದ. ಅದೂ ಯಾರಿಗೂ ಕೇಳಿಸಲಿಲ್ಲ. ಮುಂದಿನ ಪೆಟ್ಟಿಗೆಗೆಂದು ಎಲ್ಲರೂ ತಿರುಗಿ ಹೊರಟಿದ್ದರು. ನೆಲದಲ್ಲಿ ರಕ್ತ ಹರಿದು ಬಂದು ಒಬ್ಬನ ಹೆಬ್ಬೆರಳಿಗೆ ಬೆಚ್ಚಗೆ ತಾಗಿದಾಗಲೇ ಹಿಂದೆ ನೋಡಿದ್ದು.

ಅಪ್ಪ ಮರುದಿನ ಒಂದು ಸೀಟಿ ಕೊಂಡು ತಂದ. ಧಕ್ಕೆ ನಡೆಸುವ ಕಂಪನಿಯವರು ಅದನ್ನು ಕಸಿದುಕೊಂಡರು. ಹಿಂದಿನ ವರ್ಷವಷ್ಟೇ ನಮ್ಮೂರಿಗೆ ‘ಅತ್ಯಂತ ಶಾಂತ ಊರು’ ಎಂಬ ಪ್ರಶಸ್ತಿ ಬಂದಿತ್ತು. ದೂರದ ದೊಡ್ಡ ಸಂಘವೊಂದರವರು ಬಂದು, ಬೀದಿಗಳಲ್ಲಿ ಅಡ್ಡಾಡಿ, ಇಷ್ಟು ಸಂಯಮದ ಜನರನ್ನು ತಾವು ಎಲ್ಲೂ ಕಂಡಿಲ್ಲವೆಂದು ಕಣ್ಣೊರೆಸಿಕೊಂಡಿದ್ದರು. ಸೀಟಿ ಊದಿದರೆ ಪ್ರಶಸ್ತಿ ಕೈತಪ್ಪುತ್ತದೆ ಎಂದು ಕಂಪನಿಯ ಪಾರುಪತ್ಯಗಾರರಾದ ಭುಜಂಗರಾಯರು ಕರೆದು ಬುದ್ಧಿ ಹೇಳಿದರಂತೆ. ವರಹ ಇಳಿದಷ್ಟೂ ನಮ್ಮ ಸರಕು ಹೊರಗಿನವರಿಗೆ ಅಗ್ಗ, ಅಗ್ಗವಾದಷ್ಟೂ ಹಡಗು ಜಾಸ್ತಿ, ಹಡಗು ಜಾಸ್ತಿಯಾದರೆ ನಿಮಗೇ ಕೆಲಸ ಜಾಸ್ತಿ, ಇದಕ್ಕೆ ಸಂತೋಷಪಡಬೇಕು ಎಂದೂ ವಿವರಿಸಿದರಂತೆ. ಕೆಲಸ ಜಾಸ್ತಿಯಾದದ್ದು ನಿಜ. ಬೇಳೆ, ಎಣ್ಣೆ, ಬೊಮ್ಮಯ್ಯನ ಗಾಯದ ಮುಲಾಮು ಎಲ್ಲವೂ ಅದೇ ಹಡಗಿನಲ್ಲಿ ಬಂದು, ಅಪ್ಪನ ಭುಜದ ಮೇಲೇ ಇಳಿದು, ಅಪ್ಪನ ಕೈಗೆಟುಕದ ಬೆಲೆಗೆ ಅಂಗಡಿ ಸೇರುತ್ತಿದ್ದವು.

ಹಮಾಲರು ಕೇಳುವುದು ಒಂದೇ. ಕೂಲಿಯಲ್ಲಿ ನಾಲ್ಕನೆಯ ಒಂದು ಪಾಲನ್ನು ಹಡಗಿನ ನೋಟಿನಲ್ಲಿ ಕೊಡಿ. ಅಷ್ಟು ಕೊಟ್ಟರೆ ಕೂಗುವವನ ಕೂಗು ಎಂಟು ಜನಕ್ಕೆ ತಲುಪುತ್ತದೆ, ಕಾಲು ಸಿಕ್ಕಿಕೊಂಡವನ ಕೂಗೂ ತಲುಪುತ್ತದೆ. ಆದರೆ ಇದನ್ನು ಕೇಳುವುದಕ್ಕೆ ಒಂದು ಪದ್ಧತಿ ಇದೆ. ವರ್ಷಕ್ಕೊಮ್ಮೆ ಧಕ್ಕೆಯ ಚಾವಡಿಯಲ್ಲಿ ಅಹವಾಲು ದಿನ. ಆಳುಗಳು ಬಾಗಿಲಲ್ಲಿ, ಪಾರುಪತ್ಯಗಾರರು ಎದುರಿನ ಕುರ್ಚಿಯಲ್ಲಿ, ನಡುವೆ ಒಂದು ಮೇಜು ಹಾಕಿಕೊಂಡು ಕೇಳುಗ. ಬರೆದುಕೊಟ್ಟದ್ದು ನಡೆಯುವುದಿಲ್ಲ, ಬಾಯಿಂದಲೇ ಹೇಳಬೇಕು. ಅಕ್ಷರ ಬಾರದವರಿಗೆ ಅನ್ಯಾಯವಾಗಬಾರದೆಂದು ಹಿಂದಿನವರು ಕನಿಕರದಿಂದ ಮಾಡಿದ ನಿಯಮ. ಕೇಳುಗನಿಗೆ ಕೇಳಿಸಿದ್ದೇ ಮಾತು, ಅವನ ಪುಸ್ತಕದಲ್ಲಿ ಬಂದದ್ದೇ ಸತ್ಯ. ಅಹವಾಲು ಪುಸ್ತಕಕ್ಕೆ ಬಂದರೆ ಪಾರುಪತ್ಯಗಾರರು ಅಲ್ಲೇ ಎದ್ದು ಉತ್ತರ ಹೇಳಬೇಕು. ಹೂಂ ಎಂದರೆ ಕೇಳುಗ ಚಾವಡಿಯ ಗಂಟೆಯನ್ನು ಒಂದು ಸಲ ಬಾರಿಸುತ್ತಾನೆ, ಕೇಳಿದ್ದನ್ನು ಕೊಡಬೇಕು. ಊಹೂಂ ಎಂದರೆ ಎರಡು ಸಲ, ಆಗ ಆಳುಗಳು ಕೆಲಸ ಬಿಟ್ಟು ಕೂರಬಹುದು. ಉತ್ತರ ಕೇಳುಗನಿಗೆ ಕೇಳಿಸದೇ ಹೋದರೆ ಗಂಟೆಯೂ ಇಲ್ಲ, ಕೆಲಸ ಬಿಡುವಂತೆಯೂ ಇಲ್ಲ, ಎಲ್ಲವೂ ಮುಂದಿನ ವರ್ಷಕ್ಕೆ.

ಮೂರು ವರ್ಷದಿಂದ ಗಂಟೆಗೆ ಕೆಲಸವಿರಲಿಲ್ಲ. ಕೇಳುಗ ಅಚ್ಚಪ್ಪನಿಗೆ ಕಂಪನಿ ಹಡಗಿನ ನೋಟಿನಲ್ಲಿ ಸಂಬಳ ಕೊಡುತ್ತಿತ್ತು. ಅವನದು ಗುಡುಗಿನಂಥ ಧ್ವನಿ. ತನ್ನ ಧ್ವನಿಯನ್ನೇ ಕೇಳಿ ಕೇಳಿ ಅವನ ಕಿವಿಗೆ ಸಣ್ಣದೇನೂ ತಾಗುತ್ತಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಕುತ್ತಿಗೆಯ ನರ ಉಬ್ಬಿಸಿ ಹೇಳುವನು, ಅಚ್ಚಪ್ಪ ಕಿವಿಗೆ ಕೈ ಇಟ್ಟು ಪ್ರಾಮಾಣಿಕವಾಗಿ ಕಾಯುವನು, ಆಮೇಲೆ ಪುಸ್ತಕದಲ್ಲಿ ‘ಯಾರೂ ಏನೂ ಕೇಳಲಿಲ್ಲ’ ಎಂದು ಬರೆಯುವನು. ಮೂರು ವರ್ಷ ಒಂದೂ ಅಹವಾಲು ಇಲ್ಲದ ಧಕ್ಕೆ ಎಂದು ಆ ಪುಟವನ್ನು ಚೌಕಟ್ಟು ಹಾಕಿಸಿ ರಾಯರ ಕೋಣೆಯಲ್ಲಿ ನೇತುಹಾಕಿದ್ದಾರೆ.

ಈ ವರ್ಷ ಅಚ್ಚಪ್ಪ ನಿವೃತ್ತನಾದ. ಆ ಜಾಗಕ್ಕೆ ಅರ್ಜಿ ಹಾಕಿದ ಹನ್ನೊಂದು ಜನರಲ್ಲಿ ನಾನೂ ಒಬ್ಬಳು. ಸಂದರ್ಶನದಲ್ಲಿ ಭುಜಂಗರಾಯರು ಯಾರ ಮಗಳಮ್ಮ ನೀನು ಎಂದರು. ಅವರದು ಹಡಗಿನ ನೋಟಿನ ಸಂಬಳ, ಕಿಟಕಿಯ ಗಾಜು ನಡುಗಿತು. ಧಕ್ಕೆಯ ಜಟ್ಟಣ್ಣ ಮೇಸ್ತ್ರಿಯ ಮಗಳು ಎಂದೆ. ಅವರು ಒಂದು ಕ್ಷಣ ನನ್ನ ತುಟಿಗಳನ್ನು ನೋಡಿ, “ಹಾಂ ಹಾಂ, ಗೊತ್ತು. ಒಳ್ಳೆ ಮನೆತನ,” ಎಂದರು. ಕೇಳಿಸಲಿಲ್ಲವೆಂದು ಒಪ್ಪಿಕೊಳ್ಳುವುದು ದೊಡ್ಡವರಿಗೆ ಅವಮಾನ. ಈ ಹುಡುಗಿಗೆ ಮಾತೇ ಇಲ್ಲ, ಕಿವಿ ಇನ್ನೆಲ್ಲಿರುತ್ತೆ ಎಂದು ಪಕ್ಕದ ಗುಮಾಸ್ತರಿಗೆ ಹೇಳಿ ನನ್ನನ್ನು ಆರಿಸಿದರು. ಆ ಮಾತು ನಾನು ಮೆಟ್ಟಿಲಿಳಿದು ಗೇಟು ದಾಟುವವರೆಗೂ ನನಗೆ ಕೇಳಿಸುತ್ತಿತ್ತು. ಹೊಸಬಳೆಂದು ಸಂಬಳವನ್ನು ವರಹದಲ್ಲೇ ಗೊತ್ತುಮಾಡಿ ಉಳಿತಾಯವನ್ನೂ ಮಾಡಿಕೊಂಡರು.

ಮನೆಯಲ್ಲಿ ಅಪ್ಪ ಸಂತೋಷಪಡುತ್ತಾನೆಂದು ಎಣಿಸಿದ್ದೆ. ಅವನು ನನ್ನ ಕಿವಿಯ ಹತ್ತಿರ ಬಾಗಿದ.

“ನೋಡು ಮಗಾ, ನಾ ನಿನ್ನಪ್ಪ ಅಂತ ಬರೀಬೇಡ. ಕೇಳಿಸಿದ್ರೆ ಬರಿ, ಇಲ್ದಿದ್ರೆ ಬಿಡು. ಕಳ್ಳ ಲೆಕ್ಕದ ಕೂಲಿ ನಂಗೆ ಬ್ಯಾಡ.”

ಅವ್ವ ಒಲೆಯ ಮುಂದಿನಿಂದ ಏನೋ ಅಂದಳು. ಅವಳ ಕಡೆಗೆ ಬೆನ್ನು ಹಾಕಿದ್ದ ಅಪ್ಪನಿಗೆ ಅದು ಕೇಳಿಸಲಿಲ್ಲ. ನನಗೆ ಕೇಳಿಸಿತು. “ನ್ಯಾಯವಾಗೇ ಕೇಳ್ತೀನಿ ಅನ್ನೋ ಇವ್ನ ಸತ್ಯಕ್ಕೆ ಬೊಮ್ಮಯ್ಯನ ಕಾಲು ಹೋಯ್ತು, ಇನ್ಯಾರದ್ದು ಹೋಗ್ಬೇಕೋ.”

ಮೊದಲ ತಿಂಗಳು ಕೆಲಸ ಕಲಿಯುವುದಕ್ಕೆಂದು ನನ್ನನ್ನು ಕಚೇರಿಯ ಪಡಸಾಲೆಯಲ್ಲಿ ಕೂರಿಸಿ, ಕೇಳಿಸಿದ್ದನ್ನೆಲ್ಲ ಬರೆದು ಅಭ್ಯಾಸ ಮಾಡು ಎಂದರು. ನಾನು ಬರೆದೆ. ಕಸ ಗುಡಿಸುವವಳು ಪೊರಕೆಗೆ ಹೇಳಿಕೊಂಡದ್ದು, ಗುಮಾಸ್ತರು ಫೈಲಿನೊಳಗೆ ಮುಖ ಹುದುಗಿಸಿ ರಾಯರಿಗೆ ಇಟ್ಟ ಅಡ್ಡಹೆಸರುಗಳು, ಕಾವಲುಗಾರ ನಿದ್ದೆಯಲ್ಲಿ ಕೇಳಿದ ರಜೆ, ಎಲ್ಲ. ಮೂವತ್ತು ದಿನಕ್ಕೆ ಇನ್ನೂರು ಪುಟವಾಯಿತು. ಅಹವಾಲು ದಿನಕ್ಕೆ ಒಂದು ವಾರ ಇದೆ ಎನ್ನುವಾಗ ರಾಯರು ಪುಸ್ತಕ ತರಿಸಿ ನೋಡಿದರು. ಮೊದಲ ಪುಟದಲ್ಲಿ ನಕ್ಕರು, ಹತ್ತನೆಯ ಪುಟದಲ್ಲಿ ಕನ್ನಡಕ ಹಾಕಿಕೊಂಡರು, ಅಡ್ಡಹೆಸರುಗಳ ಪುಟ ಬಂದಾಗ ಬಾಗಿಲು ಮುಚ್ಚಲು ಹೇಳಿದರು.

ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಕೂರಲು ಹೇಳಿ, ತಮ್ಮ ಮಟ್ಟಿಗೆ ಮೆಲ್ಲಗೆ, ಅಂದರೆ ಧಕ್ಕೆಯ ತುದಿಗೆ ಕೇಳಿಸುವಷ್ಟು ಮೆಲ್ಲಗೆ, ನಾಳೆಯ ಬಟವಾಡೆಯಿಂದ ನಿನಗೂ ಹಡಗಿನ ನೋಟು ಕೊಡೋಣ ಎಂದರು. ಧ್ವನಿ ಬರುತ್ತದೆ, ನಾಲ್ಕು ಜನರ ಮುಂದೆ ತಲೆಯೆತ್ತಿ ಮಾತಾಡಬಹುದು. ಈ ಪಿಸಪಿಸ ಎಲ್ಲ ಆಮೇಲೆ ಕೇಳಿಸುವುದಿಲ್ಲ ನಿಜ, ಆದರೆ ಅಚ್ಚಪ್ಪನನ್ನು ನೋಡು, ಮೊಮ್ಮಕ್ಕಳ ಅಳು ಕೂಡ ಕೇಳಿಸದೆ ಎಷ್ಟು ನೆಮ್ಮದಿಯಾಗಿದ್ದಾನೆ. ಒಂದು ಕಾಗದ ಮುಂದೆ ತಳ್ಳಿ, “ಏನಂತೀಯ?” ಎಂದರು.

ಇದನ್ನು ನಾನು ಯಾರಿಗೂ ಹೇಳಿಲ್ಲ. ನಾನು ಆಗಲಿ ಸಾರ್ ಎಂದೆ. ಬೊಮ್ಮಯ್ಯನ ಕಾಲು ನೆನಪಿತ್ತು, ಅಪ್ಪನ ಕುತ್ತಿಗೆಯ ನರ ನೆನಪಿತ್ತು, ಆದರೂ ಹೇಳಿದೆ. ಒಂದೇ ಒಂದು ಸಲ ಒಂದು ಅಂಗಡಿಗೆ ಹೋಗಿ, ಹಿಂದೆ ನಿಂತು, ಎಲ್ಲರ ತಲೆಯ ಮೇಲಿಂದ ‘ಅರ್ಧ ಸೇರು ಸಕ್ಕರೆ’ ಎಂದು ಕೇಳಬೇಕೆಂಬ ಆಸೆ ನನಗೆ ಏಳನೆಯ ವಯಸ್ಸಿನಿಂದ ಇದೆ.

“ಏನಂತೀಯ ಅಂದೆ,” ಎಂದರು ರಾಯರು.

ಆಗಲಿ ಸಾರ್ ಎಂದು ಎರಡನೆಯ ಸಲ ಹೇಳಿದೆ. ಅವರು ನನ್ನ ತುಟಿಗಳನ್ನು ನೋಡಿದರು. ಈ ಸಲ ಕೇಳಿಸಿದಂತೆ ನಟಿಸಲು ಅವರಿಗೆ ಧೈರ್ಯ ಬರಲಿಲ್ಲವೆಂದು ತೋರುತ್ತದೆ. ಕಾಗದವನ್ನು ಸರಕ್ಕನೆ ಎಳೆದು ಡ್ರಾಯರಿಗೆ ಎಸೆದು, ಹಡಗಿನ ನೋಟು ಕೊಡ್ತೀನಿ ಅಂದ್ರೂ ಬಾಯಿ ಬಿಡಲ್ಲ, ಎಷ್ಟು ಕೊಬ್ಬು ಈ ಹುಡುಗಿಗೆ ಎಂದು ಕೂಗಿದರು. ಅದು ಧಕ್ಕೆಯಲ್ಲಿ, ಮೀನುಪೇಟೆಯಲ್ಲಿ, ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಲ್ಲೆಡೆ ಸರಿಯಾಗಿ ಕೇಳಿಸಿತು. ನಾನು ಮನೆ ಮುಟ್ಟುವಷ್ಟರಲ್ಲಿ ವೀರವನಿತೆಯಾಗಿದ್ದೆ. ಬೊಮ್ಮಯ್ಯ ಕಂಕುಳಲ್ಲಿ ಕೋಲು ಊರಿಕೊಂಡು ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. ಊಟಕ್ಕೆ ಕೂತಾಗ ಅಪ್ಪ ತನ್ನ ತಟ್ಟೆಯ ಮೀನಿನ ತುಂಡನ್ನು ನನ್ನ ತಟ್ಟೆಗೆ ಹಾಕಿದ. ಮುಳ್ಳೆಂದು ಹೇಳಿ ಆ ತುಂಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಬಿಟ್ಟೆ.

ಮರುದಿನದ ಬಟವಾಡೆಯಲ್ಲಿ ವಿಚಿತ್ರ ನಡೆಯಿತು. ಭುಜಂಗರಾಯರು ತಮ್ಮ ಆ ತಿಂಗಳ ಸಂಬಳವನ್ನು ವರಹದಲ್ಲಿ ಕೊಡುವಂತೆ ಗುಮಾಸ್ತರಿಗೆ ಹೇಳಿದರು. ಆಳುಗಳ ಕಷ್ಟದಲ್ಲಿ ಭಾಗಿಯಾಗುವುದಕ್ಕೆ ಎಂದು ಸೂಚನಾ ಫಲಕದಲ್ಲಿ ಬರೆಸಿದರು. ಗುಮಾಸ್ತರು ಫೈಲಿನೊಳಗೆ ಮುಖವಿಟ್ಟು ಹೇಳಿದ್ದು ಬೇರೆ: “ಹುಡುಗಿ ಹಮಾಲ್ರದ್ದು ಬರಕೊಳ್ಳೋದನ್ನ ತಪ್ಪಿಸೋಕಾಗಲ್ಲ. ತಮ್ಮ ಉತ್ತರಾನೇ ಕೇಳಿಸದ ಹಾಗೆ ಹೇಳಿದ್ರೆ ಆಯ್ತಲ್ಲ.” ಅಂದಿನಿಂದ ರಾಯರ ಧ್ವನಿ ಇಳಿಯಿತು. ನಮ್ಮ ಧ್ವನಿ ವರ್ಷಗಟ್ಟಲೆ ಇಳಿಯುತ್ತ ಬಂದದ್ದರಿಂದ ತುಟಿ, ಹುಬ್ಬು, ಕೈ ಇವುಗಳಿಂದ ಅಷ್ಟಿಷ್ಟು ಸಂಸಾರ ನಡೆಸುವುದು ನಮಗೆ ಗೊತ್ತು. ಅವರಿಗೆ ಏನೂ ಗೊತ್ತಿರಲಿಲ್ಲ. ಕಾಫಿ ತರಿಸಲು ಮೇಜು ಗುದ್ದುತ್ತಿದ್ದರು, ಜವಾನ ಓಡಿ ಬಂದು ಮೇಜಿನ ಕಾಲು ಸಡಿಲವಾಗಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ಅವರ ಕಾರು ಅವರನ್ನು ಬಿಟ್ಟು ಎರಡು ಸಲ ಹೊರಟುಹೋಯಿತು. ಆದರೂ ಅವರು ಸಹಿಸಿಕೊಂಡರು. ತಿಂಗಳು ಕಳೆದರೆ ತನಗೆ ಧ್ವನಿ ಮರಳಿ ಬರುತ್ತದೆಂದು ಗೊತ್ತಿರುವವನಿಗೆ ಬಡತನ ಕಷ್ಟವಲ್ಲ.

ಅಹವಾಲು ದಿನ ಬೆಳಗ್ಗೆ ಹಲಗೆಯಲ್ಲಿ ನೂರಹದಿನೆಂಟು ಇತ್ತು, ಹಿಂದೆಂದೂ ಇಲ್ಲದಷ್ಟು. ಊರು ಎಷ್ಟು ಸದ್ದಿಲ್ಲದೆ ಇತ್ತೆಂದರೆ ಚಾವಡಿಗೆ ನಡೆಯುವಾಗ ನನ್ನ ಲಂಗದ ಅಂಚು ಕಾಲಿಗೆ ತಾಗುವ ಸದ್ದು ನನಗೇ ನಾಚಿಕೆ ತರಿಸಿತು. ಪ್ರಶಸ್ತಿ ಕೊಟ್ಟ ಸಂಘದವರು ಈ ವರ್ಷವೂ ಬಂದಿದ್ದರು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಬಾಗಿಲಲ್ಲಿ ನಲವತ್ತು ಹಮಾಲರು, ಅವರ ಮುಂದೆ ಅಪ್ಪ. ಬೊಮ್ಮಯ್ಯನನ್ನು ಇಬ್ಬರು ಆನಿಸಿಕೊಂಡಿದ್ದರು.

ಅಪ್ಪ ಹೇಳಿದ. ಧ್ವನಿ ಎಂಬುದು ಇರಲೇ ಇಲ್ಲ, ಒಣ ಎಲೆಯ ಮೇಲೆ ಇರುವೆ ಹೋದಂಥ ಸದ್ದು. ನಾನು ಕಣ್ಣು ಮುಚ್ಚಿದೆ. ಅಪ್ಪನ ಮಾತೆಂದು ಕೇಳಿಸಿಕೊಳ್ಳಲಿಲ್ಲ, ಹಾಗೆ ಆಣೆ ಮಾಡಿ ಹೇಳಬಲ್ಲೆ. ನಾಲ್ಕನೆಯ ಒಂದು ಪಾಲು, ಹಡಗಿನ ನೋಟಿನಲ್ಲಿ, ಕೂಗುವವನಿಗೂ ಹೊರುವವನಿಗೂ. ಒಂದಕ್ಷರ ಬಿಡದೆ ಕೇಳಿಸಿತು, ಒಂದಕ್ಷರ ಬಿಡದೆ ಬರೆದೆ, ನಿಯಮದಂತೆ ಲೇಖನಿ ಎತ್ತಿ ತೋರಿಸಿದೆ. ಬಾಗಿಲಲ್ಲಿ ನಲವತ್ತು ಎದೆಗಳು ಒಮ್ಮೆಗೇ ಮೇಲೆದ್ದವು.

ಭುಜಂಗರಾಯರು ಎದ್ದರು. ಸಂಘದವರು ಕ್ಯಾಮೆರಾ ಎತ್ತಿದ್ದರಿಂದ ಅವರ ಮುಖ ತಾನಾಗಿಯೇ ನಗೆಯಾಯಿತು. ಎರಡೂ ಕೈ ಮುಗಿದರು. ತಲೆಯನ್ನು ಮೇಲೆ ಕೆಳಗೆ ತೂಗುತ್ತ, ಮನೆಗೆ ಬಂದ ಬೀಗರನ್ನು ಊಟಕ್ಕೆ ಎಬ್ಬಿಸುವವರ ಹಾಗೆ ಬಾಗಿ ಬಾಗಿ, ಉತ್ತರ ಹೇಳಿದರು. ನೋಡಿದವರ ಕಣ್ಣಿಗೆ ಅಷ್ಟು ವಿನಯ. ಅವರು ಹೇಳಿದ್ದು ನನ್ನೊಬ್ಬಳಿಗೆ ಕೇಳಿಸಿತು.

“ಒಂದು ಕವಡೆ ಕೊಡಲ್ಲ. ಒಬ್ಬನ ಕಾಲು ಹೋದ್ರೆ ಇನ್ನೊಬ್ಬ ಬರ್ತಾನೆ, ನನಗೇನು. ಬಾಗಿಲಲ್ಲಿ ನಿಂತು ನಿಂತು ಸಾಯಿರಿ.”

ಹೇಳಿ ಮುಗಿಸಿ, ಇನ್ನೊಮ್ಮೆ ತಲೆ ತೂಗಿ, ನನ್ನ ಕಡೆ ತಿರುಗಿದರು. ಕೇಳಿಸಲಿಲ್ಲವೆಂದು ಬರಿ ಎನ್ನುವ ನೋಟ ಅದು. ಹಾಗೆ ಬರೆದರೆ ಮುಂದಿನ ವರ್ಷ. ಇದ್ದದ್ದನ್ನು ಇದ್ದ ಹಾಗೆ ಬರೆದು ಎರಡು ಸಲ ಬಾರಿಸಿದರೆ ಕಂಪನಿಗೆ ಆರು ಹಡಗು ನಿಲ್ಲುತ್ತಿದ್ದವು, ನಮ್ಮ ಬೀದಿಯಲ್ಲಿ ನಲವತ್ತು ಒಲೆ. ಹಡಗು ಒಂದು ತಿಂಗಳು ಕಾಯಬಲ್ಲದು. ನಮ್ಮ ಮನೆಯ ಅಕ್ಕಿ ಡಬ್ಬಿಯ ತಳ ನಾನು ಆ ಬೆಳಗ್ಗೆಯೇ ಕಂಡಿದ್ದೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಸತ್ಯ ಬರೆಯುವುದು ಕಷ್ಟ ಎಂದು ಪುಸ್ತಕಗಳಲ್ಲಿ ಓದಿದ್ದೆ. ಅಷ್ಟೇನೂ ಕಷ್ಟವಿರಲಿಲ್ಲ, ಅದು ಲೇಖನಿಯ ತುದಿಯಲ್ಲೇ ಇತ್ತು. ನಾನು ಅದನ್ನು ಬರೆಯಲಿಲ್ಲ. ‘ಆಗಲಿ, ಕೇಳಿದ್ದಷ್ಟೂ ಕೊಡುತ್ತೇವೆ ಎಂದರು’ ಎಂದು ದುಂಡಗಿನ ಅಕ್ಷರದಲ್ಲಿ ಬರೆದು, ಎದ್ದು ಹೋಗಿ, ಗಂಟೆಯ ಹಗ್ಗವನ್ನು ಒಂದು ಸಲ ಎಳೆದೆ.

ಅಷ್ಟು ದೊಡ್ಡ ಸದ್ದನ್ನು ನಾನು ಹುಟ್ಟಿದಂದಿನಿಂದ ಮಾಡಿರಲಿಲ್ಲ. ಸಂಘದವರು ಕಿವಿ ಮುಚ್ಚಿಕೊಂಡರು, ಆಮೇಲೆ ರಾಯರ ಕಡೆ ನೋಡಿ, ಇಷ್ಟು ಉದಾರಿಗಳೇ ಎಂದು ಚಪ್ಪಾಳೆ ತಟ್ಟಿದರು. ರಾಯರು ತಲೆ ತೂಗಿದ್ದನ್ನು ಎಲ್ಲರೂ ಕಂಡಿದ್ದರಲ್ಲ. ಹಮಾಲರು ಒಬ್ಬರನ್ನೊಬ್ಬರು ಹಿಡಿದು ಅಲುಗಿಸುತ್ತಿದ್ದರು, ಬೊಮ್ಮಯ್ಯ ಕೋಲನ್ನು ನೆಲಕ್ಕೆ ಕುಟ್ಟಿ ಅಳುತ್ತಿದ್ದ. ಅಪ್ಪ ಮಾತ್ರ ನಗಲಿಲ್ಲ. ಮೂವತ್ತು ವರ್ಷ ಎಂಟೆಂಟು ಜನರ ಉಸಿರು ನೋಡಿ ಕೂಗಿದವನು ಅವನು. ರಾಯರ ಎದೆಯನ್ನು ನೋಡಿದ, ಹೂಂ ಎಂದವರ ಉಸಿರು ಅದಲ್ಲವೆಂದು ಅವನಿಗೆ ತಿಳಿದಿರಬೇಕು, ಆಮೇಲೆ ನನ್ನನ್ನು ನೋಡಿದ, ಆಮೇಲೆ ಬೊಮ್ಮಯ್ಯನ ಪಾದವನ್ನು ಬಹಳ ಹೊತ್ತು ನೋಡಿ, ತಲೆ ತಗ್ಗಿಸಿ ಹೊರಗೆ ಹೋದ.

ಭುಜಂಗರಾಯರು ಕುರ್ಚಿ ಉರುಳಿಸಿಕೊಂಡು ನನ್ನ ಮೇಜಿಗೆ ಬಂದರು. ಸುಳ್ಳು, ನಾನು ಹಾಗನ್ನಲಿಲ್ಲ, ಇಲ್ಲ ಅಂದೆ, ಇಲ್ಲ ಇಲ್ಲ ಇಲ್ಲ ಎಂದು ಬಾಯಿ ದೊಡ್ಡದು ಮಾಡಿ ಕಿರುಚಿದರು. ಕುತ್ತಿಗೆಯಲ್ಲಿ ನರ ಎದ್ದಿತು. ಚಾವಡಿಯ ನಾಲ್ಕು ಗೋಡೆಗಳಿಗೂ ಅವರ ಧ್ವನಿ ಕೇಳಿಸಲಿಲ್ಲ. ಪಾರುಪತ್ಯಗಾರರು ಕೇಳುಗಿತ್ತಿಯನ್ನು ಅಭಿನಂದಿಸುತ್ತಿದ್ದಾರೆಂದು ತಿಳಿದು ಸಂಘದವರೊಬ್ಬರು ಹತ್ತಿರ ಬಂದು ಫೋಟೋ ತೆಗೆದರು. ರಾಯರು ನನ್ನ ಅಪ್ಪನ ಹುಟ್ಟನ್ನು ಬೈದರು, ಅವ್ವನನ್ನು ಬೈದರು, ನನ್ನನ್ನು ಯಾವ ಹುಡುಗಿಯೂ ಕೇಳಬಾರದ ಮಾತಿನಿಂದ ಬೈದರು. ನಾನು ಅಷ್ಟನ್ನೂ ತಲೆ ಬಗ್ಗಿಸಿ ಪೂರ್ತಿಯಾಗಿ ಕೇಳಿಸಿಕೊಂಡೆ. ಬರೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಶಾಯಿ ಆರಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಪುಸ್ತಕ ಮುಚ್ಚಿದೆ.